ಕನ್ನಡದ ಗಿಳಿ, ತಮಿಳಿನ ಮಾತು

2025ರ ಜುಲೈ 14, ಸೋಮವಾರ. ಬಿ. ಸರೋಜಾದೇವಿಯವರು ಬೆಂಗಳೂರಿನ ಮಲ್ಲೇಶ್ವರದ ತಮ್ಮ ಮನೆಯಲ್ಲಿ ತೀರಿಕೊಂಡರೆಂಬ ಸುದ್ದಿ ಟಿ.ವಿ.ಯಲ್ಲಿ ಬಂದಾಗ ನಾವು ಕನ್ನೊಳ್ಳಿಯ ಮನೆಯಲ್ಲಿದ್ದೆವು. ನಮ್ಮ ತಾಯಿ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಗೋಡೆಯಾಚೆಯಿಂದ ಕೂಗಿ ಕೇಳಿದಳು: “ಬೂಬಮ್ಮಾ, ಚೆನ್ನಮ್ಮ ಸತ್ಲಂತಲ್ಲ, ಖರೇನ?”

“ಹೌದವ್ವಾ, ಈಗ ತೋರ್ಸಾಕತ್ತಾರ. ಬಾ, ನೋಡ ಬಾ” ಎಂದರು ನಮ್ಮ ತಾಯಿ.

ಕಿತ್ತೂರ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಪ್ರಾಣ ಬಿಟ್ಟದ್ದು 1829ರಲ್ಲಿ. ಅದು ಆ ಮುದುಕಿಗೂ ಗೊತ್ತು. ಆದರೆ ಅವಳು ಕಣ್ಣಾರೆ ಕಂಡ ಚೆನ್ನಮ್ಮ ಒಬ್ಬಳೇ. ಟೆಂಟಿನ ಬಿಳಿ ಪರದೆಯ ಮೇಲೆ ಕಣ್ಣು ಕೆಂಪಗೆ ಮಾಡಿ ಇಂಗ್ಲಿಷರಿಗೆ ಕಪ್ಪ ಕೊಡುವುದಿಲ್ಲವೆಂದವಳು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಸರೋಜಾದೇವಿ ಎಂಬ ಹೆಸರಿಗಿಂತ ಆ ಹೆಸರೇ ಗಟ್ಟಿಯಾಗಿ ನಿಂತಿತ್ತು.

ಅದೇ ದಿನ ಚೆನ್ನೈಯ ವಾಹಿನಿಗಳಲ್ಲಿ ಇನ್ನೊಬ್ಬಳೇ ಸರೋಜಾದೇವಿ ಕಾಣಿಸುತ್ತಿದ್ದಳು. ಅಲ್ಲಿ ಆಕೆ ಎಂ.ಜಿ.ಆರ್. ಜೊತೆ ಕುಣಿಯುವವಳು, ಶಿವಾಜಿ ಗಣೇಶನ್ ಎದುರು ಕಣ್ಣೀರು ಹಾಕುವವಳು. ಅಲ್ಲಿಯವರು ಆಕೆಯನ್ನು ಕರೆಯುತ್ತಿದ್ದುದು ‘ಕನ್ನಡತ್ತು ಪೈಂಗಿಳಿ’ ಎಂದು. ಕನ್ನಡದ ಹಸಿರು ಗಿಳಿ ಎಂದು ಅದರ ಅರ್ಥ. ತಮಿಳರು ತಮ್ಮ ಅತ್ಯಂತ ಮೆಚ್ಚಿನ ನಟಿಯೊಬ್ಬಳಿಗೆ ಕೊಟ್ಟ ಬಿರುದಿನಲ್ಲಿ ನೆರೆಯ ಭಾಷೆಯ ಹೆಸರನ್ನು ಸೇರಿಸಿದರು, ಅದನ್ನು ಅಳಿಸಲಿಲ್ಲ. ಈ ಸಂಗತಿ ನಮ್ಮನ್ನು ಬಹಳ ದಿನ ಕಾಡಿದ್ದರಿಂದ ಈ ಬರಹ. ತಮಿಳು ಬಾರದ ನಾವು ಆಕೆಯ ತಮಿಳು ಚಿತ್ರಗಳನ್ನು ಒಂದೊಂದಾಗಿ ಹುಡುಕಿ ನೋಡಿದೆವು. ಗಡಿಯ ಆಚೆಯ ಈ ಸಿನಿಮಾಗಳು ನಮ್ಮ ವಿಜಾಪುರ ಸೀಮೆಗೆ ಎಂದೂ ಬಂದವಲ್ಲ. ನಮ್ಮ ಜನ ದುಡಿಯಲು ಹೋಗುವುದು ಸೊಲ್ಲಾಪುರ, ಪುಣೆ, ಗೋವಾಕ್ಕೆ. ಅಲ್ಲಿಂದ ಬರುವುದು ಹಿಂದಿ ಮತ್ತು ಮರಾಠಿ. ಮದರಾಸು ನಮಗೆ ದೂರದ ಊರು.

ಸರೋಜಾದೇವಿ ಹುಟ್ಟಿದ್ದು 1938ರ ಜನವರಿ 7ರಂದು. ತಂದೆ ಭೈರಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು, ತಾಯಿ ರುದ್ರಮ್ಮ. ಮೂಲ ಚನ್ನಪಟ್ಟಣದ ಬಳಿಯ ದಶವಾರ. ಹಾಡಿನ ಸ್ಪರ್ಧೆಯೊಂದರಲ್ಲಿ ಹೊನ್ನಪ್ಪ ಭಾಗವತರ ಕಣ್ಣಿಗೆ ಬಿದ್ದ ಹುಡುಗಿ 1955ರಲ್ಲಿ ಅವರ ‘ಮಹಾಕವಿ ಕಾಳಿದಾಸ’ದ ಮೂಲಕ ಪರದೆಗೆ ಬಂದಳು. ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಅಂದಿನ ಕನ್ನಡ ಚಿತ್ರರಂಗಕ್ಕೆ ಸ್ವಂತ ಮನೆ ಎಂಬುದೇ ಇರಲಿಲ್ಲ. ಜೆಮಿನಿ, ಎ.ವಿ.ಎಂ., ವಿಜಯಾ-ವಾಹಿನಿ ಮೊದಲಾದ ಸ್ಟುಡಿಯೋಗಳೆಲ್ಲ ಮದರಾಸಿನಲ್ಲಿ. ಲ್ಯಾಬ್, ಧ್ವನಿಮುದ್ರಣ, ಹಣ ಹಾಕುವ ಸಾಹುಕಾರರು ಎಲ್ಲ ಅಲ್ಲಿಯೇ. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತೆಂಬುದನ್ನು ಬಿಟ್ಟರೆ ಕನ್ನಡದ ನಟನಟಿಯರು, ರಾಜಕುಮಾರ್ ಅವರೂ ಸೇರಿ, ಮದರಾಸಿನಲ್ಲೇ ಸಂಸಾರ ಹೂಡಬೇಕಾಗಿತ್ತು. ಒಂದೇ ಆವರಣದ ಒಂದು ಮೂಲೆಯಲ್ಲಿ ತೆಲುಗು, ಇನ್ನೊಂದರಲ್ಲಿ ತಮಿಳು, ಮತ್ತೊಂದರಲ್ಲಿ ಹಿಂದಿ. ಕನ್ನಡಕ್ಕೆ ಸಿಗುತ್ತಿದ್ದುದು ಉಳಿದ ಜಾಗ, ಉಳಿದ ಹೊತ್ತು. ಇದನ್ನು ಅವಮಾನವೆಂದು ಬರೆದವರಿದ್ದಾರೆ. ಅದರಲ್ಲಿ ಸತ್ಯವೂ ಇದೆ. ಆದರೆ ನಾಲ್ಕು ಭಾಷೆಯವರು ಒಂದೇ ಕ್ಯಾಂಟೀನಿನಲ್ಲಿ ಉಂಡ ಆ ಕಾಲ ಕೊಟ್ಟದ್ದೂ ಬಹಳ. ಕೋಲಾರ ಸೀಮೆಯ ಬಿ.ಆರ್. ಪಂತುಲು ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಮಾಡಿದ ಕೈಯಲ್ಲೇ ಕನ್ನಡದಲ್ಲಿ ‘ಕಿತ್ತೂರು ಚೆನ್ನಮ್ಮ’ ಮಾಡಿದರು.

ಆಕೆಯನ್ನು ತಮಿಳುನಾಡಿನ ಮನೆಮನೆಗೆ ಒಯ್ದದ್ದು 1958ರ ಆಗಸ್ಟಿನಲ್ಲಿ ಬಿಡುಗಡೆಯಾದ ‘ನಾಡೋಡಿ ಮನ್ನನ್’. ಎಂ.ಜಿ.ಆರ್. ತಾವೇ ನಿರ್ಮಿಸಿ, ಮೊದಲ ಸಲ ನಿರ್ದೇಶಿಸಿ, ರಾಜನೂ ಅಲೆಮಾರಿಯೂ ಆಗಿ ದ್ವಿಪಾತ್ರದಲ್ಲಿ ನಟಿಸಿದ ಚಿತ್ರ. ಮೊದಲ ಭಾಗದ ನಾಯಕಿ ಭಾನುಮತಿ. ಅವರ ಪಾತ್ರ ನಡುವೆಯೇ ಸಾಯುತ್ತದೆ. ಕಪ್ಪು ಬಿಳುಪಿನಲ್ಲಿ ಬಂದ ಚಿತ್ರ ಆಮೇಲೆ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣದ ಭಾಗದಲ್ಲಿ ದ್ವೀಪದ ರಾಜಕುಮಾರಿಯಾಗಿ ಸರೋಜಾದೇವಿ ಬರುತ್ತಾರೆ. ಇಪ್ಪತ್ತರ ಹುಡುಗಿ. ಎರಡು ಗಂಟೆ ಬೂದುಬಣ್ಣ ನೋಡಿದ ಜನರ ಎದುರಿಗೆ ಕೆಂಪು, ಹಸಿರು, ಹಳದಿಯ ಜೊತೆಗೇ ಈ ಮುಖ ಬಂತು. ಜನ ಆಕೆಯನ್ನು ಬಣ್ಣದೊಂದಿಗೆ ಸೇರಿಸಿಯೇ ನೆನಪಿಟ್ಟುಕೊಂಡಿದ್ದರೆ ಆಶ್ಚರ್ಯವಿಲ್ಲ. ಮುಂದೆ ಎಂ.ಜಿ.ಆರ್. ಜೊತೆ ಆಕೆ ಮಾಡಿದ ಚಿತ್ರಗಳು 26.

ಆದರೆ ನಟಿಯಾಗಿ ಆಕೆಯ ಅಳತೆ ತೋರಿಸಿದ ಚಿತ್ರ ಮರುವರ್ಷದ ‘ಕಲ್ಯಾಣ ಪರಿಸು’ ಎಂದು ನಮ್ಮ ಎಣಿಕೆ. ಶ್ರೀಧರ್ ನಿರ್ದೇಶಿಸಿದ ಮೊದಲ ಚಿತ್ರ. ಕತೆ ಸಣ್ಣದು. ಒಬ್ಬನನ್ನು ತಂಗಿ ಪ್ರೀತಿಸುತ್ತಾಳೆ, ಅಕ್ಕನೂ ಅವನನ್ನೇ ಮೆಚ್ಚುತ್ತಾಳೆ, ತನಗಾಗಿ ಬಾಳು ಸವೆಸಿದ ಅಕ್ಕನಿಗಾಗಿ ತಂಗಿ ಅವನನ್ನು ಬಿಟ್ಟುಕೊಡುತ್ತಾಳೆ. ಕೊನೆಯಲ್ಲಿ ಅಕ್ಕ ಸತ್ತಿರುತ್ತಾಳೆ, ತಂಗಿಗೆ ಬೇರೆಯವನೊಂದಿಗೆ ಮದುವೆ. ಪ್ರೀತಿಸಿದವನು ತನ್ನ ಕೂಸನ್ನೇ ಆ ಮದುವೆಯ ಉಡುಗೊರೆಯೆಂದು ಅವಳ ಕೈಗೆ ಕೊಟ್ಟು ಹೊರಟುಹೋಗುತ್ತಾನೆ. ಕಾಗದದ ಮೇಲೆ ಇದು ಅತಿಯಾದ ಕತೆ. ನಾವು ಬರೆದಿದ್ದರೆ ಸಂಪಾದಕರು ತಿರುಗಿ ಕಳಿಸುತ್ತಿದ್ದರು. ಆದರೆ ತಂಗಿ ವಸಂತಿಯಾಗಿ ಸರೋಜಾದೇವಿ ಅಕ್ಕನ ಮದುವೆಯ ಮನೆಯಲ್ಲಿ ನಗುತ್ತಾ ಓಡಾಡುವುದನ್ನು ನೋಡಬೇಕು. ಅಳುವ ದೃಶ್ಯಗಳಿಗಿಂತ ಆ ಓಡಾಟವೇ ಹೆಚ್ಚು ನೋಯಿಸುತ್ತದೆ. ಭಾಷೆ ಬಾರದವನಿಗೂ ಏನು ನಡೆಯುತ್ತಿದೆಯೆಂದು ಹೇಳಬೇಕಾಗಿಲ್ಲ. ಈ ಕತೆ ತೆಲುಗಿನಲ್ಲಿ ‘ಪೆಳ್ಳಿ ಕಾನುಕ’ ಆಯಿತು, ಹಿಂದಿಯಲ್ಲಿ ರಾಜ್ ಕಪೂರ್ ನಟಿಸಿದ ‘ನಜ್ರಾನಾ’ ಆಯಿತು.

1961ರ ‘ಪಾಲುಂ ಪಳಮುಂ’ ಭೀಮ್‌ಸಿಂಗ್ ನಿರ್ದೇಶನದ್ದು. ಕ್ಯಾನ್ಸರಿಗೆ ಮದ್ದು ಹುಡುಕುವ ಡಾಕ್ಟರು ಶಿವಾಜಿ, ಅವನ ಆಸ್ಪತ್ರೆಯ ನರ್ಸು ಶಾಂತಿ ಈಕೆ. ಇಬ್ಬರಿಗೂ ಮದುವೆಯಾಗುತ್ತದೆ. ಅವಳಿಗೆ ಕ್ಷಯ. ಗಂಡನ ಸಂಶೋಧನೆಗೆ ತಾನು ಅಡ್ಡಿಯಾಗಬಾರದೆಂದು ಮನೆ ಬಿಟ್ಟು ಹೋಗುತ್ತಾಳೆ, ಸತ್ತಳೆಂದು ಎಲ್ಲರೂ ತಿಳಿಯುತ್ತಾರೆ. ಅವನಿಗೆ ಮತ್ತೊಂದು ಮದುವೆ. ಅವನ ಕಣ್ಣು ಹೋಗುತ್ತದೆ. ಆಗ ಬೇರೆ ಹೆಸರಿನಿಂದ ನರ್ಸಾಗಿ ಇವಳೇ ಅವನ ಆರೈಕೆಗೆ ಬರುತ್ತಾಳೆ. ಕುರುಡ ಗಂಡನ ಮುಂದೆ ಹೆಂಡತಿ ಅಪರಿಚಿತಳಂತೆ ನಿಲ್ಲುತ್ತಾಳೆ. ದನಿ ಗುರುತು ಸಿಕ್ಕೀತೆಂದು ಅವಳು ಮಾತನ್ನು ನುಂಗುವ ಗಳಿಗೆಗಳಿವೆ. ಅವು ಇಂದಿಗೂ ಹಳತಾಗಿಲ್ಲ. ಇದರ ಹಿಂದಿ ರೂಪ ‘ಸಾಥಿ’ಯಲ್ಲಿ ರಾಜೇಂದ್ರ ಕುಮಾರ್, ವೈಜಯಂತಿಮಾಲಾ. ನಮ್ಮ ತಂದೆ ಸೊಲ್ಲಾಪುರದಲ್ಲಿ ಅದನ್ನು ಎರಡು ಸಲ ನೋಡಿದ್ದರಂತೆ.

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಈ ಚಿತ್ರಗಳ ಹೆಣ್ಣು ತ್ಯಾಗ ಮಾಡಲೆಂದೇ ಹುಟ್ಟಿದವಳು. ಬಿಟ್ಟುಕೊಡುವುದು, ಮರೆಯಾಗುವುದು, ಬೇರೊಬ್ಬರ ಸುಖ ನೋಡಿ ಸುಖಪಡುವುದು. ಇದನ್ನು ನೋಡಿ ಬೆಳೆದ ಗಂಡಸರು ತಮ್ಮ ಮನೆಗಳಲ್ಲಿ ಅದನ್ನೇ ನಿರೀಕ್ಷಿಸಿದರು. ‘ಪಾಲುಂ ಪಳಮುಂ’ನಲ್ಲಿ ಎರಡನೆಯ ಹೆಂಡತಿ ನಳಿನಿಯಾಗಿ ಸೌಕಾರ್ ಜಾನಕಿ ನಟಿಸಿದ್ದಾರೆ. ಮನೆಯ ಒಡತಿಯಾಗಿಯೂ ಸತ್ತವಳ ನೆರಳಿನಲ್ಲಿ ಬದುಕಬೇಕಾದ ಆ ಹೆಣ್ಣಿನ ಸಂಕಟಕ್ಕೆ ಚಿತ್ರದಲ್ಲಿ ಸಿಗಬೇಕಾದಷ್ಟು ಜಾಗ ಸಿಗುವುದಿಲ್ಲ. ಕತೆ ಬರೆಯುವ ನಮಗೆ ನಳಿನಿಯ ಕಡೆಯಿಂದ ಆ ಕತೆ ಹೇಳಬೇಕೆನಿಸಿತು.

ಆ ಅಚ್ಚಿನಿಂದ ಹೊರಗೆ ಬಂದ ಚಿತ್ರ 1964ರ ‘ಪುದಿಯ ಪರವೈ’. ಶಿವಾಜಿಯವರ ಸ್ವಂತ ನಿರ್ಮಾಣ, ದಾದಾ ಮಿರಾಸಿ ನಿರ್ದೇಶನ, ಬಂಗಾಳಿಯ ‘ಶೇಷ್ ಅಂಕ’ದಿಂದ ಬಂದ ಕತೆ. ಹಡಗಿನಲ್ಲಿ ಪರಿಚಯವಾದ ಲತಾಳನ್ನು ಶ್ರೀಮಂತ ಗೋಪಾಲ ಪ್ರೀತಿಸುತ್ತಾನೆ. ಅವನ ಮೊದಲ ಹೆಂಡತಿ ಸತ್ತಿದ್ದಾಳೆ. ನಿಶ್ಚಿತಾರ್ಥದ ಹೊತ್ತಿಗೆ ‘ನಾನೇ ಆ ಹೆಂಡತಿ’ ಎಂದು ಒಬ್ಬಳು ಬಂದು ನಿಲ್ಲುತ್ತಾಳೆ. ಇವಳಲ್ಲ ಎಂದು ಸಾಧಿಸುವ ಭರದಲ್ಲಿ ಅವಳು ತನ್ನ ಕೈಯಿಂದಲೇ ಸತ್ತದ್ದನ್ನು ಗೋಪಾಲ ಬಾಯಿಬಿಡುತ್ತಾನೆ. ಆಗ ಗೊತ್ತಾಗುತ್ತದೆ, ಇದೆಲ್ಲ ಪೊಲೀಸರು ಹೂಡಿದ ಆಟ, ಲತಾಳೂ ಪೊಲೀಸಿನವಳು. ಆದರೆ ಆಟ ಆಡಲು ಬಂದವಳು ನಿಜವಾಗಿಯೂ ಅವನನ್ನು ಪ್ರೀತಿಸಿಬಿಟ್ಟಿದ್ದಾಳೆ. ಇಡೀ ಚಿತ್ರವನ್ನು ಎರಡನೆಯ ಸಲ ನೋಡಿದರೆ ಮಾತ್ರ ಸರೋಜಾದೇವಿ ಮಾಡಿದ ಕೆಲಸ ತಿಳಿಯುತ್ತದೆ. ಮೊದಲ ಸಲ ನಾಚಿಕೆ ಎನಿಸಿದ್ದು ಎರಡನೆಯ ಸಲ ಅಳುಕು ಎನಿಸುತ್ತದೆ, ಮೊದಲು ಪ್ರೀತಿಯ ನೋಟವೆನಿಸಿದ್ದು ಆಮೇಲೆ ಕ್ಷಮೆ ಕೇಳುವ ನೋಟವಾಗಿ ಕಾಣುತ್ತದೆ. ಬಿಟ್ಟುಕೊಟ್ಟು ಕಣ್ಣೀರು ಹಾಕುವ ಹೆಣ್ಣಿನ ಬದಲು ಇಲ್ಲಿ ಕರ್ತವ್ಯ ಮಾಡಿ ಅದರ ಬೆಲೆ ತೆರುವ ಹೆಣ್ಣು ಇದ್ದಾಳೆ. ಆಕೆಯ ತಮಿಳು ಚಿತ್ರಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ನಾವು ಇದನ್ನೇ ಆರಿಸುತ್ತೇವೆ.

ಇನ್ನು ಆಕೆಯ ಮಾತಿನ ವಿಷಯ. ನಾವು ಬರೆಯಲು ಕುಳಿತದ್ದೇ ಇದಕ್ಕಾಗಿ.

ಬೇರೆ ಭಾಷೆಯ ನಟಿಯರ ಮಾತನ್ನು ಇನ್ನೊಬ್ಬರಿಂದ ಹೇಳಿಸುವ ಪದ್ಧತಿ ಸಿನಿಮಾದಲ್ಲಿ ಹಳೆಯದು. ಸರೋಜಾದೇವಿ ತಮಿಳಿನಲ್ಲಿ ತಮ್ಮದೇ ದನಿಯಲ್ಲಿ ಮಾತಾಡಿದರು. ಆ ತಮಿಳಿನಲ್ಲಿ ಕನ್ನಡದ ಎಳೆ ಕೇಳಿಸುತ್ತಿತ್ತು. ಸ್ವಲ್ಪ ಎಳೆದು, ಮುದ್ದು ಮಾಡಿದಂತೆ ಆಡುವ ಮಾತು. ತಮಿಳರು ಅದನ್ನು ‘ಕೊಂಜುಂ ತಮಿಳು’ ಎಂದರು, ಮುದ್ದುಗರೆಯುವ ತಮಿಳು. ಅಣಕ ಮಾಡುವವರೂ ಇದ್ದರು, ಆಕೆಯ ಮಾತಿನ ಧಾಟಿಯನ್ನು ಅನುಕರಿಸಿ ನಗಿಸುವುದು ಅಲ್ಲಿ ಒಂದು ಆಟವೇ ಆಗಿತ್ತು. ಆದರೂ ಜನ ಆ ಧಾಟಿಯನ್ನು ತಿದ್ದಬೇಕೆನ್ನಲಿಲ್ಲ. ಅದೇ ಆಕೆಯ ಗುರುತಾಯಿತು. ತಮ್ಮ ಭಾಷೆಯ ಬಗ್ಗೆ ತಮಿಳರಷ್ಟು ಸೂಕ್ಷ್ಮವಾದ ಜನ ನಮ್ಮ ದೇಶದಲ್ಲಿ ಕಡಿಮೆ. 1965ರ ಸಂಕ್ರಾಂತಿಗೆ ‘ಎಂಗ ವೀಟ್ಟು ಪಿಳ್ಳೈ’ ಬಿಡುಗಡೆಯಾಯಿತು. ಎಂ.ಜಿ.ಆರ್. ದ್ವಿಪಾತ್ರ, ಸರೋಜಾದೇವಿ ನಾಯಕಿ. ಹತ್ತು ಹನ್ನೊಂದು ದಿನಗಳಲ್ಲಿ, ಜನವರಿ 25ರಂದು, ಮದುರೆಯಲ್ಲಿ ಹಿಂದಿ ವಿರೋಧಿ ಚಳವಳಿ ಹೊತ್ತಿಕೊಂಡಿತು. ಭಾಷೆಗಾಗಿ ಜನ ಬೆಂಕಿ ಹಚ್ಚಿಕೊಂಡು ಸತ್ತ ವರ್ಷ ಅದು. ಅದೇ ವರ್ಷ ಅದೇ ಊರುಗಳ ಟಾಕೀಸುಗಳಲ್ಲಿ ಒಬ್ಬ ಕನ್ನಡತಿಯ ಕನ್ನಡ ಬೆರೆತ ತಮಿಳನ್ನು ಕೇಳಲು ಜನ ಸಾಲು ನಿಂತಿದ್ದರು.

ತಮಿಳಿನಲ್ಲಿ ೞ ಎಂಬ ಅಕ್ಷರವಿದೆ. ನಾಲಿಗೆಯನ್ನು ಹಿಂದಕ್ಕೆ ಮಡಿಚಿ, ಎಲ್ಲಿಯೂ ತಾಗಿಸದೆ ಹೊರಡಿಸುವ ದನಿ. ತಮಿಳು ಎಂಬ ಪದದ ಕೊನೆಯಲ್ಲಿಯೇ ಅದು ಇದೆ. ಹಳಗನ್ನಡದಲ್ಲಿ ನಮಗೂ ಇತ್ತು. ಕಾಲಾಂತರದಲ್ಲಿ ಕಳೆದುಕೊಂಡೆವು, ಈಗ ಎಲ್ಲವೂ ‘ಳ’. ಆದ್ದರಿಂದ ಕನ್ನಡಿಗರು ಆ ಭಾಷೆಯ ಹೆಸರನ್ನೇ ಅವರಂತೆ ಹೇಳಲಾರರು. ತಮಿಳರಲ್ಲೂ ಅನೇಕರು ‘ಳ’ ಎಂದೇ ಆಡುತ್ತಾರೆಂಬುದು ಬೇರೆ ಮಾತು.

ಇದನ್ನು ಓದಿದಾಗ ನಮಗೆ ನಮ್ಮ ಶಾಲೆ ನೆನಪಾಯಿತು. ಮೊದಲ ತರಗತಿಗಳು ಉರ್ದುವಿನಲ್ಲಿ, ಆಮೇಲೆ ಕನ್ನಡ ಶಾಲೆ. ಮನೆಯಲ್ಲಿ ಆಡುವ ದಖನಿಯಲ್ಲಿ ‘ಳ’ ಇಲ್ಲ. ಕನ್ನಡ ಶಾಲೆಗೆ ಹೋದ ಮೊದಲ ದಿನ ಊರ ಹೆಸರು ಹೇಳು ಎಂದಾಗ ನಾವು ‘ಕನ್ನೊಲ್ಲಿ’ ಎಂದೆವು. ನಮ್ಮದು ಸಣ್ಣ ‘ಹಲ್ಲಿ’ ಎಂದೂ ಸೇರಿಸಿದೆವು. ತರಗತಿಯೆಲ್ಲ ಗೋಡೆಯ ಮೇಲಿನ ಹಲ್ಲಿಯನ್ನು ತೋರಿಸಿ ನಕ್ಕಿತು. ಮಾಸ್ತರರೂ ನಕ್ಕರು. ಆಮೇಲೆ ಬಹಳ ದಿನ ನಮ್ಮ ಹೆಸರೇ ಅದಾಯಿತು. ಊರ ಹೊರಗಿನ ಎರೆ ಹೊಲದಲ್ಲಿ ಒಬ್ಬರೇ ನಿಂತು ಹಳ್ಳಿ, ಕೊಳ್ಳಿ, ಮಳೆ, ಬೆಳೆ ಎಂದು ನಾಲಿಗೆ ನೋಯುವವರೆಗೆ ಹೇಳಿಕೊಂಡದ್ದುಂಟು. ಇಂದು ನಮ್ಮ ‘ಳ’ದಲ್ಲಿ ಯಾರೂ ತಪ್ಪು ಹಿಡಿಯಲಾರರು. ಆದರೂ ಸಭೆಗಳಲ್ಲಿ ನಮ್ಮ ಭಾಷಣ ಮುಗಿದ ಮೇಲೆ ‘ನೀವು ಎಷ್ಟು ಚೆಂದ ಕನ್ನಡ ಮಾತಾಡ್ತೀರಿ’ ಎಂದು ಯಾರಾದರೂ ಒಬ್ಬರು ಬಂದು ಹೇಳಿಯೇ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಪಕ್ಕದಲ್ಲಿ ಕುಳಿತ ಗೆಳೆಯರಿಗೆ ಆ ಮಾತು ಯಾಕೆ ಹೇಳುವುದಿಲ್ಲವೆಂದು ನಾವು ಕೇಳುವುದಿಲ್ಲ.

ಮಾತಿನ ವಿಷಯ ನಗೆಯಲ್ಲೇ ಮುಗಿದಿದ್ದರೆ ಅದು ಬೇರೆ. 1991ರ ಡಿಸೆಂಬರಿನಲ್ಲಿ ಕಾವೇರಿಯ ಮಧ್ಯಂತರ ಆದೇಶದ ಬೆನ್ನಿಗೆ ಬೆಂಗಳೂರಿನಲ್ಲಿ ತಮಿಳು ಆಡುವ ಬಡವರ ಕೇರಿಗಳ ಮೇಲೆ ದಾಳಿಗಳಾದವು. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಉರ್ದು ವಾರ್ತೆ ಆರಂಭವಾದಾಗ ಅದೇ ನಗರ ಮತ್ತೆ ಉರಿಯಿತು, ಜನ ಸತ್ತರು. ಹತ್ತು ನಿಮಿಷದ ವಾರ್ತೆ ಅದು. ಆಗ ನಾವು ಹೈಸ್ಕೂಲಿನ ಹುಡುಗರು. ನಮ್ಮ ಊರಲ್ಲಿ ಏನೂ ಆಗಲಿಲ್ಲ, ಆದರೆ ಕೆಲವು ದಿನ ಬಸ್ಸಿನಲ್ಲಿ ಮನೆಮಾತು ಆಡುವಾಗ ದನಿ ತಾನಾಗಿಯೇ ಸಣ್ಣದಾಗುತ್ತಿತ್ತು.

ನಮ್ಮದೇ ಜಿಲ್ಲೆಯಲ್ಲಿ ಇಂಥ ಇನ್ನೊಬ್ಬಳಿದ್ದಳು. ಅಂದು ವಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯ ಅಮೀರ್‌ಬಾಯಿ. ಮುಂಬಯಿಗೆ ಹೋಗಿ ಹಾಡಿದಳು, ನಟಿಸಿದಳು. 1943ರ ‘ಕಿಸ್ಮತ್’ನ ಹಾಡುಗಳು ಆಕೆಯ ದನಿಯನ್ನು ದೇಶಕ್ಕೆಲ್ಲ ತಲುಪಿಸಿದವು. 1965ರಲ್ಲಿ ತೀರಿಕೊಂಡಳು. ಮುಂಬಯಿಯಲ್ಲಿ ಆಕೆ ಇಟ್ಟುಕೊಂಡ ಹೆಸರು ಅಮೀರ್‌ಬಾಯಿ ಕರ್ನಾಟಕಿ. ಒಬ್ಬಳಿಗೆ ಮದರಾಸಿನ ಜನ ಕನ್ನಡದ ಹೆಸರು ಕೊಟ್ಟರು, ಇನ್ನೊಬ್ಬಳು ತಾನೇ ಕರ್ನಾಟಕದ ಹೆಸರು ಹೊತ್ತು ನಡೆದಳು. ವಿಜಾಪುರದಲ್ಲಿ ಅಮೀರ್ ಟಾಕೀಸ್ ಎಂಬ ಹೆಸರು ಹೇಳುವವರಲ್ಲಿ ಎಷ್ಟು ಜನಕ್ಕೆ ಆ ಅಮೀರ್ ಯಾರೆಂದು ಗೊತ್ತು?

ಸರೋಜಾದೇವಿ ಹಿಂದಿಯಲ್ಲೂ ನಟಿಸಿದರು. 1959ರ ‘ಪೈಗಾಮ್’ನಲ್ಲಿ ದಿಲೀಪ್ ಕುಮಾರ್ ಜೊತೆ, 1961ರ ‘ಸಸುರಾಲ್’ನಲ್ಲಿ ರಾಜೇಂದ್ರ ಕುಮಾರ್ ಜೊತೆ, ‘ಪ್ಯಾರ್ ಕಿಯಾ ತೋ ಡರ್ನಾ ಕ್ಯಾ’ದಲ್ಲಿ ಶಮ್ಮಿ ಕಪೂರ್ ಜೊತೆ. ನಮ್ಮ ತಂದೆಯವರಿಗೆ ದಿಲೀಪ್ ಸಾಹೇಬರ ಚಿತ್ರದಲ್ಲಿದ್ದವಳು ಎಂಬುದೇ ಆಕೆಯ ಬಗ್ಗೆ ದೊಡ್ಡ ಮರ್ಯಾದೆ. ಸಿನಿಮಾ ಎಂದರೆ ಮುಖ ತಿರುಗಿಸುತ್ತಿದ್ದ ನಮ್ಮ ದಾದಿಮಾ ಕೂಡ ಈಕೆಯ ವಿಷಯಕ್ಕೆ ಸುಮ್ಮನಿರುತ್ತಿದ್ದರು. ಕಾರಣ ಬಟ್ಟೆ. ತೋಳಿಲ್ಲದ ಕುಪ್ಪಸ, ಈಜುಡುಗೆ ತೊಡಕೂಡದೆಂದು ತಾಯಿ ರುದ್ರಮ್ಮ ಹಾಕಿದ ಕಟ್ಟಳೆಯನ್ನು ಮಗಳು ಮೀರಲಿಲ್ಲವೆಂದು ಆಕೆಯೇ ಹೇಳಿಕೊಂಡಿದ್ದಾರೆ. ದಾದಿಮಾಗೆ ಈ ಸುದ್ದಿ ಯಾರು ತಲುಪಿಸಿದ್ದರೋ.

‘ಕಿತ್ತೂರು ಚೆನ್ನಮ್ಮ’ 1961ರದು, ‘ಪಾಲುಂ ಪಳಮುಂ’ನ ವರ್ಷವೇ. ಅತ್ತ ನರ್ಸಾಗಿ ಕಣ್ಣೀರು ಹಾಕಿದವಳು ಇತ್ತ ಕತ್ತಿ ಹಿಡಿದಳು. ಮಲ್ಲಸರ್ಜನಾಗಿ ರಾಜಕುಮಾರ್, ಹಿರಿಯ ರಾಣಿಯಾಗಿ ಲೀಲಾವತಿ. ಅದಕ್ಕೂ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ತಾಯಿ ಅದನ್ನು ಮೊದಲು ನೋಡಿದ್ದು ಹುಡುಗಿಯಾಗಿದ್ದಾಗ, ಟೂರಿಂಗ್ ಟಾಕೀಸಿನಲ್ಲಿ. ರೊಟ್ಟಿ ಬುತ್ತಿ ಕಟ್ಟಿಕೊಂಡು, ಚಕ್ಕಡಿ ಹೂಡಿಕೊಂಡು, ಓಣಿಯ ಹೆಂಗಸರೆಲ್ಲ ಒಟ್ಟಿಗೆ ಹೋದರಂತೆ. ಲಿಂಗಾಯತರ ಹೆಂಗಸರು, ಕುರುಬರ ಹೆಂಗಸರು, ಬುರ್ಖಾ ಹೊದ್ದ ನಮ್ಮವರು, ಎಲ್ಲರೂ ಒಂದೇ ಚಕ್ಕಡಿಯಲ್ಲಿ. ಹೆಂಗಸರ ಕಡೆಗೆ ಅಡ್ಡ ಬಟ್ಟೆ ಕಟ್ಟಿದ್ದರು. ಒಂದೇ ಪ್ರೊಜೆಕ್ಟರು, ರೀಲು ಬದಲಿಸಿದಾಗಲೆಲ್ಲ ಕತ್ತಲೆ. ಕಲೆಕ್ಟರ್ ಥ್ಯಾಕರೆ ಬೀಳುವಾಗ (ನಿಜದಲ್ಲಿ ಅವನು ಸತ್ತದ್ದು 1824ರ ಅಕ್ಟೋಬರ್ 23ರಂದು) ಟೆಂಟೆಲ್ಲ ಎದ್ದು ನಿಂತಿತ್ತಂತೆ.

ನಾವು ಅದನ್ನು ನೋಡಿದ್ದು ಬಹಳ ತಡವಾಗಿ, ಹರಿದ ಪ್ರಿಂಟಿನಲ್ಲಿ. ಆಗ ಗಮನಿಸಲಿಲ್ಲ, ಈಗ ಮತ್ತೆ ನೋಡಿದಾಗ ಕಂಡಿತು: ಆ ಚೆನ್ನಮ್ಮ ಆಡುವುದು ಬೆಳಗಾವಿ, ಕಿತ್ತೂರಿನ ಕನ್ನಡವಲ್ಲ. ನಾಟಕದ ಗ್ರಾಂಥಿಕ ಕನ್ನಡ, ಅದೂ ಹಳೆಯ ಮೈಸೂರಿನ ನಾಲಿಗೆಯಲ್ಲಿ. ಚನ್ನಪಟ್ಟಣದ ಕಡೆಯ ಹೆಣ್ಣುಮಗಳೊಬ್ಬಳು ಮದರಾಸಿನ ಸೆಟ್ಟಿನಲ್ಲಿ ನಿಂತು ನಮ್ಮ ಉತ್ತರದ ರಾಣಿಯಾಗಿ ಮಾತಾಡಿದಳು. ನಮ್ಮವರು ಯಾರೂ ‘ಇದು ನಮ್ಮ ಮಾತಲ್ಲ’ ಎನ್ನಲಿಲ್ಲ. ಆಕೆಯನ್ನು ಚೆನ್ನಮ್ಮ ಮಾಡಿಕೊಂಡುಬಿಟ್ಟರು.

1967ರ ಮಾರ್ಚಿನಲ್ಲಿ ಶ್ರೀಹರ್ಷ ಅವರೊಂದಿಗೆ ಮದುವೆಯಾದ ಮೇಲೂ ಆಕೆ ನಟಿಸಿದರು. ಕನ್ನಡದ ‘ಮಲ್ಲಮ್ಮನ ಪವಾಡ’, ‘ಬಬ್ರುವಾಹನ’ ಆಮೇಲಿನವು. 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ. ಗಂಡ 1986ರಲ್ಲಿ ತೀರಿಕೊಂಡರು. ಆಕೆಯ ಕಣ್ಣುಗಳನ್ನು ದಾನ ಮಾಡಲಾಯಿತು. ದಶವಾರದಲ್ಲಿ ಸರಕಾರಿ ಗೌರವದೊಂದಿಗೆ ಮಣ್ಣು ಮಾಡಿದರು. ಎರಡು ತಿಂಗಳ ಮೇಲೆ ಮರಣೋತ್ತರ ಕರ್ನಾಟಕ ರತ್ನ ಕೊಡುವುದೆಂದು ರಾಜ್ಯ ಸಂಪುಟ ತೀರ್ಮಾನಿಸಿತು.

ಆ ರಾತ್ರಿ ನಮ್ಮ ತಾಯಿಗೆ ಮೊಬೈಲಿನಲ್ಲಿ ‘ಪಾಲುಂ ಪಳಮುಂ’ ಹಾಕಿಕೊಟ್ಟೆವು. ಪಕ್ಕದ ಮನೆಯ ಮುದುಕಿಯೂ ಬಂದು ಕುಳಿತಿದ್ದಳು. ಇಬ್ಬರಿಗೂ ತಮಿಳಿನ ಒಂದು ಅಕ್ಷರ ಬಾರದು. “ಕಿತ್ತಾ ಮೀಠಾ ಬೋಲ್ತೀ ಗೆ” ಎಂದರು ನಮ್ಮ ತಾಯಿ. ಮುದುಕಿಗೆ ಅದೂ ಅರ್ಥವಾಯಿತು. “ಹೂಂ ನೋಡ, ಚೆನ್ನಮ್ಮನ ದನೀನ ಐತಿ” ಎಂದಳು. ಕುರುಡ ಗಂಡನ ಎದುರಿಗೆ ಹೆಂಡತಿ ಬಾಯಿಗೆ ಸೆರಗು ಹಿಡಿದು ನಿಂತ ಹೊತ್ತಿಗೆ ಮೊಬೈಲಿನ ಬ್ಯಾಟರಿ ಮುಗಿಯಿತು. ಮುಂದೇನಾಯ್ತು, ಗುರುತು ಹಿಡಿದನೋ ಇಲ್ಲವೋ ಎಂದು ಇಬ್ಬರೂ ನಮ್ಮನ್ನೇ ಕೇಳತೊಡಗಿದರು. ನಾವು ಚಾರ್ಜರು ಹುಡುಕಲು ಎದ್ದೆವು.